ಮಾಲ್ದಾರೆ ದಾರಿಯಲ್ಲಿ ಗ್ರಾಹಕ ಸೇವೆ

ಸ್ಕೂಟರಿನ ಮುಂದೆ ಎಂಟು ಬಾಟಲಿ ಕಾಚಂಪುಳಿ,
ಸೀಟಿನಡಿ ಎರಡು ಕಿಲೋ ಮೆಣಸು,
ಎದೆಯ ಜೇಬಿನಲ್ಲಿ ಇಡೀ ಅಂಗಡಿ.

ಅಮ್ಮತ್ತಿ ದಾಟುವಷ್ಟರಲ್ಲಿ ಅದು ಮೂರು ಸಲ ನಡುಗಿತು.
ಬದಿಗೆ ಕಾಲೂರಿ ನಿಂತು
ಬಲಗೈ ಗ್ಲೌಸನ್ನು ಹಲ್ಲಲ್ಲಿ ಕಚ್ಚಿ ಎಳೆದೆ.

ದಾವಣಗೆರೆಯಿಂದ: ರೇಟ್ ಎಷ್ಟು?
ಕಲಬುರಗಿಯಿಂದ: ಇದು ವಿನೆಗರಾ, ಹುಣಸೆಯಾ, ಸರಿಯಾಗಿ ಹೇಳಿ.
ಊರು ಹೇಳದ ಯಾರಿಂದಲೋ ಬರೀ ಒಂದು ಹೆಬ್ಬೆರಳು.

ರೇಟಿಗೆ ಸಿದ್ಧ ಉತ್ತರವಿದೆ, ಒಂದು ಒತ್ತಿದರೆ ಹೋಗುತ್ತದೆ.
ಎರಡು ಒತ್ತಿದರೆ ಕ್ಷಮೆ.
ಮೂರು ಒತ್ತಿದರೆ ಧನ್ಯವಾದ, ಮತ್ತೆ ಬನ್ನಿ.
ಮಾಲೀಕರು ಮಾಚಯ್ಯ ಒಂದು ಭಾನುವಾರ ಕೂತು
ಇಷ್ಟನ್ನೂ ಬರೆಸಿದ್ದರು, ಕಾಗುಣಿತ ನಾನು ತಿದ್ದಿದ್ದೆ.
ಹುಣಸೆಯಾ ಎಂದವರಿಗೆ ಏನೂ ಬರೆಸಿರಲಿಲ್ಲ.

ನಾನೇ ಬರೆದೆ: ಹುಣಸೆ ಅಲ್ಲ.
ಮರದಿಂದ ಬಿದ್ದ ಹಣ್ಣು ಕೊಳೆತು ತೊಟ್ಟಿಕ್ಕಿದ ರಸ,
ಕಾಯಿಸಿ ಕಾಯಿಸಿ ಟಾರಿನಷ್ಟು ಕಪ್ಪು ಮಾಡಿದ್ದು.
ಕೊಳೆತು ಅಳಿಸಿ ಮಾಗಿ ಎಂದು ಹಾಕಿದೆ.
ಟಾರು ಅಳಿಸಿ ಏನು ಹಾಕಲಿ ಎಂದು ತಿಳಿಯದೆ
ಹಾಗೇ ಕಳಿಸಿದೆ.

ಆ್ಯಪಿನಲ್ಲಿ ನನ್ನ ಹೆಸರು ‘ನಮ್ಮ ತಂಡ’.
ತಂಡದಲ್ಲಿ ಇರುವವಳು ನಾನೊಬ್ಬಳೇ,
ವಿರಾಜಪೇಟೆಯ ಚರ್ಚಿನ ಹಿಂದಿನ ಓಣಿಯ ಲವೀನಾ.
ನಮ್ಮ ತಂಡ ಸದ್ಯ ಬಿಜಿ ಇದೆ ಎಂದರೆ
ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದೇನೆ ಎಂದರ್ಥ.

ಸಿದ್ದಾಪುರದಲ್ಲಿ ಸೈದಲವಿ ಕಾಕನಿಗೆ ಮೂರು ಬಾಟಲಿ ಇಳಿಸಿ
ಚಿಲ್ಲರೆ ಎಣಿಸುತ್ತಿದ್ದೆ, ಹುಬ್ಬಳ್ಳಿ ಬಂತು:
ಬಾಟ್ಲಿ ಒಡದು ಬಂದದರಿ.
ಪೋಸ್ಟಿನವನ ಚೀಲದಾಗ ಯಾರದೋ ಲಗ್ನಪತ್ರಿಕೆ
ಅದೂ ಕಪ್ಪಾಗೇದಂತ, ನನಗ ಬೈದು ಹೋದ.

ಎರಡು ಒತ್ತಬೇಕಿತ್ತು.
ಒತ್ತಿದೆ ಅಂದುಕೊಂಡೇ ಗಾಡಿ ಹೊರಡಿಸಿದೆ.

ಮಾಲ್ದಾರೆಯ ಆಚೆ ಸಿಗ್ನಲ್ಲಿನ ಕಡ್ಡಿಗಳು
ಒಂದೊಂದಾಗಿ ಆರುತ್ತವೆ.
ತಿರುವಿನಲ್ಲಿ ಬಸ್ಸು ನಿಂತಿತ್ತು, ಹಿಂದೆ ಜೀಪು,
ತೋಟದ ಹೆಂಗಸರ ಪಿಕಪ್ಪು, ಎಲ್ಲರ ಇಂಜಿನ್ನೂ ಆಫ್.
ಹಲಸು ಒಡೆದ ವಾಸನೆ.
ಚೋಮಿಯಕ್ಕ ಪಿಕಪ್ಪಿನಿಂದ ಬಗ್ಗಿ ಪಿಸುಗುಟ್ಟಿದಳು,
ಮರಿ ಉಂಟು.

ಅದು ರಸ್ತೆಯ ನಡುವೆ ನಿಂತು ಸೊಂಡಿಲಲ್ಲಿ ಧೂಳು ಎರಚಿಕೊಂಡಿತು,
ಯಾರಿಗೂ ಏನನ್ನೂ ಉತ್ತರಿಸಬೇಕಿಲ್ಲದ ಹಾಗೆ.

ಆಗ ಫೋನು ತೆಗೆದು ನೋಡಿದೆ.
ಹುಬ್ಬಳ್ಳಿಗೆ ಹೋದದ್ದು ಮೂರು.
ಧನ್ಯವಾದ, ಮತ್ತೆ ಬನ್ನಿ.
ಅಳಿಸಲು ನೆಟ್ ಇಲ್ಲ, ತಿರುಗಿಸಲು ಜಾಗ ಇಲ್ಲ,
ಮುಂದೆ ತಾಯಿಯ ಕಾಲ ಸಂದಿನಲ್ಲಿ ಮರಿ.
ಬೆವರು ಹೆಲ್ಮೆಟ್ಟಿನೊಳಗೆ ಹರಿದು ಕಣ್ಣಿಗೆ ಬಂತು.
ಹೆದರಿಕೆ ಯಾವುದಕ್ಕೆ, ನಾಚಿಕೆ ಯಾವುದಕ್ಕೆ
ಎರಡೂ ಕಲಸಿಹೋಗಿದ್ದವು.

ಇಪ್ಪತ್ತೆರಡು ನಿಮಿಷ ಕಳೆದು ಬಸ್ಸು ಕೆಮ್ಮಿ ಹೊರಟಿತು.
ಚೆಕ್‌ಪೋಸ್ಟಿನ ಬಳಿ ಒಂದು ಕಡ್ಡಿ, ಆಮೇಲೆ ಎರಡು,
ಸಾಲಾಗಿ ಬಿದ್ದವು:

ಮತ್ತ ಬರೂದು ಹೆಂಗ್ರಿ, ಒಡದದ ಅಂತಂದೆ.
ಅದೀರೇನ್ರಿ?
ತಂಡದವರು ಯಾರರೆ ಅದೀರೇನ್ರಿ?
ಅದೀರೇನ್?

ಇದ್ದೇನೆ, ಎಂದು ಬರೆದೆ, ನಂಬರ್ ಒತ್ತದೆ.
ತಪ್ಪು ಬೆರಳು ಹೋಯಿತು. ಬೇರೆ ಬಾಟಲಿ ಕಳಿಸುತ್ತೇನೆ,
ಈ ಸಲ ಭತ್ತದ ಹೊಟ್ಟಿನಲ್ಲಿ ಹೂತು. ತಡವಾದದ್ದು
ದಾರಿಯಲ್ಲಿ ಆನೆ ಇದ್ದುದಕ್ಕೆ.

ಆ ಕಡೆ ಮೂರು ಚುಕ್ಕಿ ಕುಣಿದವು, ನಿಂತವು, ಕುಣಿದವು.
ಖರೇನ?
ಮತ್ತೆ ಚುಕ್ಕಿ.
ಫೋಟೋ ಹೊಡದಿಲ್ಲೇನು?

ಇಲ್ಲ, ಉಸಿರು ಹಿಡಿದುಕೊಂಡಿದ್ದೆ.

ಅದಕ್ಕೆ ಅವರು ಏನೂ ಬರೆಯಲಿಲ್ಲ.
ನೋಡಿದರು ಅಂತ ನೀಲಿ ಗೆರೆ ಮಾತ್ರ ಬಂತು.

ಸಂಜೆ ಆ್ಯಪು ಕೆಂಪಕ್ಷರದಲ್ಲಿ ಕೇಳಿತು:
ಉತ್ತರ ತಡವಾಗಿದೆ. ಕಾರಣ ಆರಿಸಿ.
ಸ್ಟಾಕ್ ಇಲ್ಲ. ರಜೆ. ತಾಂತ್ರಿಕ ದೋಷ. ಇತರೆ.

ಮಾಚಯ್ಯನವರು ಕೆಳಗೇ ಟೈಪಿಸಿದ್ದರು, ಏನಾಯ್ತು ಮಗಳೇ?
ಇತರೆ ಒತ್ತಿದೆ.
ಗ್ಲೌಸು ಇನ್ನೂ ಹುಳಿ ಇತ್ತು,
ಐದು ಬಾಟಲಿಯಲ್ಲಿ ಯಾವುದೋ ಒಂದರ ಮುಚ್ಚಳ ಸಡಿಲ.