ಉಪ್ಪಿನ ಹೇನು

ಬೆಳಗಿನ ಜಾವ ನಾಲ್ಕಕ್ಕೆ ದೇವನಹಳ್ಳಿ ಕಡೆಯಿಂದ ಲಾರಿ ಬಂತು.
ಕೋಗಿಲು ಕ್ರಾಸಿನ ಹಿಂದೆ, ಗ್ರಾನೈಟ್ ಅಂಗಡಿಗಳ ಸಾಲಿನಲ್ಲಿ
ನಮ್ಮ ತಣ್ಣನೆಯ ಗೋದಾಮು.
ಒಳಗೆ ಎರಡೇ ಡಿಗ್ರಿ,
ಮೂರು ಸ್ವೆಟರು, ಎರಡು ಜೊತೆ ಗ್ಲೌಸು, ನಾನು.

ಥರ್ಮೋಕೋಲ್ ಪೆಟ್ಟಿಗೆ ಬಿಚ್ಚಿದರೆ ಐಸಿನ ಮೇಲೆ ಸಾಲ್ಮನ್.
ಸಾಕಿದ್ದಲ್ಲ, ಕಡಲಲ್ಲೇ ಬೆಳೆದದ್ದು ಎಂದು ಚೀಟಿ.
ಅದಕ್ಕೇ ಅದರ ಕಿಲೋಗೆ ನನ್ನ ಐದು ದಿನದ ಕೂಲಿ.

ಹನ್ನೊಂದನೆಯ ಮೀನಿನ ಬೆನ್ನು
ಬಾಲದ ಕಡೆಗೆ ಇಳಿಯುವಲ್ಲಿ ಬೆರಳಿಗೆ ಏನೋ ತಡೆಯಿತು.
ಹುರುಪೆಯಲ್ಲ.
ಲಾಳದ ಆಕಾರ, ಹುರುಳಿಯ ಬಣ್ಣ,
ಹಿಂದೆ ಇಳಿಬಿದ್ದ ಎರಡು ಎಳೆ,
ಸ್ಕೂಲಿಗೆ ಹೊರಟ ಹುಡುಗಿಯ ಜಡೆಟೇಪಿನ ಹಾಗೆ.
ಅದರಡಿಯಲ್ಲಿ ಚರ್ಮ ಮೇಯ್ದ ಜಾಗ,
ಬೆಳ್ಳಗೆ, ರೂಪಾಯಿ ಬಿಲ್ಲೆಯಗಲ.

ನನಗೆ ಯಾರೂ ಹೇಳಿಕೊಡಬೇಕಿಲ್ಲ.
ಜಕ್ಕೂರು ಕೆರೆಯಲ್ಲಿ ಬಲೆ ಬೀಸಿದ ಪಿಳ್ಳಗಂಗಪ್ಪನ ಮಗಳು.
ಕಾಟ್ಲ ಮೀನು ತೂಬಿನ ಕಲ್ಲಿಗೆ ಮೈ ಉಜ್ಜತೊಡಗಿದರೆ
ಅಪ್ಪ ಬೀಡಿ ಆರಿಸಿ ಎದ್ದು ನಿಲ್ಲುತ್ತಿದ್ದ:
‘ಗಂಗಮ್ಮನ ತಲೇಗೆ ಹೇನು ಬಿದ್ದವೆ ಕಣಮ್ಮಿ.’
ಹಿಡಿದದ್ದನ್ನು ಉಪ್ಪು ಕದಡಿದ ಬಾನಿಗೆ ಬಿಟ್ಟು
ಎಣಿಸುತ್ತಿದ್ದ, ಬಾಯಲ್ಲಲ್ಲ, ಬೆರಳಗೆಣ್ಣಲ್ಲಿ.
ಗಾಜಿನ ಚೂರಿನಂಥವು ಒಂದೊಂದೇ ಕಳಚಿ
ಎರಡು ಕರಿ ಚುಕ್ಕೆ ಕಣ್ಣು ಮಾತ್ರ ಕಾಣಿಸುತ್ತ
ತಳ ಸೇರುತ್ತಿದ್ದವು.
ಮೀನು ಮತ್ತೆ ಕೆರೆಗೆ.
ಮಾರೋದು ಬಿಟ್ಟು ವಾಪಸ್ ಯಾಕಪ್ಪ?
‘ಥೂ, ಬಸುರಿ ಅದು.’

ಆಮೇಲೆ ಟೆಂಡರು ಬಂತು.
ಟೆಂಡರಿನವನು ಲಾರಿಗಟ್ಟಲೆ ಮರಿ ತಂದು ಸುರಿದ ವರ್ಷ
ನೀರಿಗಿಂತ ಮೀನು ಹೆಚ್ಚಾಯಿತು, ಮೀನಿಗಿಂತ ಹೇನು.
ಅಪ್ಪನ ಉಪ್ಪು ಸಾಲಲಿಲ್ಲ.

ಕ್ವಾಲಿಟಿಯ ತಂಗಮ್ಮ ಮೇಡಂ ಟಾರ್ಚು ಹಿಡಿದು ಬಗ್ಗಿದರು.
ಬೈತಾರೆ ಅಂದುಕೊಂಡೆ. ನಕ್ಕರು.
‘ಒಳ್ಳೇ ಗುರುತು ಗಂಗರತ್ನ.
ಮೊಟ್ಟೆ ಇಡೋಕೆ ಹೊಳೆ ಹತ್ತಿದ ಮೀನಲ್ಲಿ ಇದು ಇರಲ್ಲ,
ಸಿಹಿನೀರು ತಾಗಿದರೆ ನಾಲ್ಕು ದಿನಕ್ಕೆ ಉದುರುತ್ತೆ.
ಇದೆ ಅಂದರೆ ಉಪ್ಪುನೀರಿಂದ ನೇರ ಎದ್ದು ಬಂದಿದೆ.
ಗಿರಾಕಿಗೆ ಕಾಣಬಾರದು ಅಷ್ಟೇ.’
ಮತ್ತೂ ಹೇಳಿದರು:
ಅಲ್ಲಿ ಹೊಳೆ ಕಡಲು ಸೇರುವ ಬಾಯಲ್ಲೇ
ಸಾಕುಮೀನಿನ ಪಂಜರ ಕಟ್ಟಿದ್ದಾರಂತೆ, ಸಾಲು ಸಾಲು.
ಬೆರಳುದ್ದದ ಮರಿಗಳು ಮೊದಲ ಸಲ ಕಡಲಿಗೆ ಹೋಗೋದು
ಆ ಪಕ್ಕದಲ್ಲೇ.
ಒಂದು ಮರಿಗೆ ಒಂದೆರಡು ಹೇನು ಹತ್ತಿದರೂ ಸಾಕು.

ಅಲ್ಲೂ ಟೆಂಡರು ಅಂತ ಮನಸ್ಸಿನಲ್ಲೇ ಅಂದುಕೊಂಡೆ.

ಚಿಮುಟದಲ್ಲಿ ಎತ್ತಿದೆ. ಕಸದ ಬಕೀಟಿಗೆ ಹಾಕಬೇಕಿತ್ತು.
ನನ್ನ ಟೀ ಲೋಟಕ್ಕೆ ಹಾಕಿದೆ,
ಮೇಲೆ ಟ್ಯಾಂಕರ್ ನೀರು.

ನಮ್ಮ ಹೇನು ಉಪ್ಪಿಗೆ ಸಾಯುತ್ತೆ.
ಕಡಲ ಹೇನು ಸಿಹಿನೀರಿಗೆ.
ಅಪ್ಪ ಇದನ್ನು ಕೇಳದೆ ಹೋದ.
ಕೇಳಿದ್ದರೆ ಕೆಮ್ಮು ಬರುವ ತನಕ ನಗುತ್ತಿದ್ದ,
ನಕ್ಕು ಮುಗಿಸಿ ಕೇಳುತ್ತಿದ್ದ:
‘ಮತ್ತೆ ಆ ಊರಲ್ಲಿ ಬಾನಿ ಹಿಡಿಯೋರು ಯಾರಮ್ಮಿ?’

ಗಾಯದ ಕಡೆ ಎರಡು ಬೆರಳಗಲ ಕತ್ತರಿಸಿ ತೆಗೆದೆ.
ಉಳಿದದ್ದು ಕಿತ್ತಳೆ ಬಣ್ಣ, ನಯ,
ಇಂದಿರಾನಗರದ ಯಾವುದೋ ತಟ್ಟೆಗೆ.

ಲೋಟದಲ್ಲಿ ಕಾಲು ಅಲ್ಲಾಡಿತೋ,
ಟ್ಯೂಬ್‌ಲೈಟು ಮಿಣುಕಿತೋ.
ಸಾವಿರಾರು ಮೈಲಿ ಐಸಿನಲ್ಲಿ ಮಲಗಿ ಬಂದದ್ದು,
ಸತ್ತೇ ಬಂದಿರಬೇಕು.
ಒಂದು ಎಳೆ ಮಾತ್ರ ಬಿಡಿಸಿಕೊಂಡು
ನೀರಲ್ಲಿ ನಿಧಾನಕ್ಕೆ ತಿರುಗುತ್ತಿತ್ತು,
ತುಂಬ ಮೊಟ್ಟೆ, ಒಂದರ ಹಿಂದೆ ಒಂದು,
ಕಾಸಿನ ಸರದ ಹಾಗೆ.

ಏಳು ಗಂಟೆಗೆ ಫ್ಲಾಸ್ಕು ಹಿಡಿದು ಬಂದ ಬಿಪುಲ್,
ಅಸ್ಸಾಮಿನ ಹುಡುಗ, ಕನ್ನಡ ಹೊಸದು.
‘ಅಕ್ಕ, ಲೋಟ ಕಾಲಿನಾ?’

ಇಲ್ಲ ಕಣೋ, ಅಂದೆ.
ಒಬ್ಬರಿದ್ದಾರೆ.