ನೇರ ಗೆರೆ

ಡಕ್ಕೆಯ ಐಸ್ ಪ್ಲಾಂಟಿನಿಂದ ಶನಿವಾರ ಸಂಜೆ ಬರುತ್ತಾನೆ,
ಚಪ್ಪಲಿ ಹೊರಗೆ ಬಿಟ್ಟು. ಬೇಡ ಅಂದರೂ ಹಾಗೆಯೇ.
ಅಂಗೈ ಬಿಳುಚಿ ಸುಕ್ಕು,
ಈಗಷ್ಟೇ ನೀರಿನಿಂದ ಎತ್ತಿಟ್ಟ ಹಾಗೆ.
ಹೆಸರು ದಿಗಂತ ಮೊರಾನ್.
ಅವನ ಬಾಯಲ್ಲಿ ಅದು ಡಿಗೊಂತೊ,
ಬೋಟಿನವರ ಬಾಯಲ್ಲಿ ಬರೀ ಅಸ್ಸಾಂ.

"ಏತ್ ದೂರ ಅಕ್ಕಾ?"
ಕಲಿತ ತುಳು ನಾಲ್ಕೇ ಮಾತು:
ಎಷ್ಟು, ಎಲ್ಲಿ, ಸಾಕು, ನಾಳೆ.

ನಾನು ಎರಡು ಊರು ಒತ್ತುತ್ತೇನೆ.
ಬಜ್ಪೆಯ ಗುಡ್ಡದಿಂದ ಒಂದು ಕೆಂಪು ಗೆರೆ ಎದ್ದು
ಒಡಿಶಾದ ಅಂಚು ಸವರಿ
ಬಾಂಗ್ಲಾದ ಹೊಳೆಗಳನ್ನೆಲ್ಲ ಕೇಳದೆ ದಾಟಿ
ದಿಬ್ರುಗಢದಲ್ಲಿ ಇಳಿಯುತ್ತದೆ.
ಎರಡು ಸಾವಿರದ ಆರುನೂರ ಐವತ್ತು ಕಿಲೋಮೀಟರು.
ಮೂರು ಗಂಟೆ ನಲವತ್ತು ನಿಮಿಷ,
ನೇರ ವಿಮಾನ ಇದ್ದರೆ.

ಇಲ್ಲ.

ಇರುವುದು ಇಷ್ಟು: ಬೆಂಗಳೂರಲ್ಲಿ ಇಳಿ, ಕೂರು,
ಕೊಲ್ಕತ್ತದಲ್ಲಿ ಚೀಲ ತಲೆಯಡಿಗಿಟ್ಟು ರಾತ್ರಿ ಕಳೆ,
ಬೆಳಿಗ್ಗೆ ಮತ್ತೆ ಹತ್ತು.
ಹತ್ತೊಂಬತ್ತು ಗಂಟೆ.
ಅವನು ಬಂದದ್ದು ರೈಲಿನಲ್ಲಿ, ನಾಲ್ಕು ರಾತ್ರಿ.
ಅದನ್ನು ಅವನು ದೂರ ಎಂದು ಲೆಕ್ಕ ಹಿಡಿಯುವುದಿಲ್ಲ.
ಗೆರೆಯನ್ನೇ ನೋಡುತ್ತಾನೆ.
"ಇದಕ್ಕೆ ಟಿಕೆಟ್ ಇಲ್ಲವಾ?"

ಗೆರೆಗೆ ಟಿಕೆಟ್ ಇಲ್ಲ ಮಾರಾಯ.
ನಾನು ಹಂಪನಕಟ್ಟೆಯ ಈ ಮೆಟ್ಟಿಲ ಕೆಳಗೆ
ಹದಿನೇಳು ವರ್ಷದಿಂದ ಟಿಕೆಟ್ ಬರೆಯುತ್ತೇನೆ,
ಕೆಂಜಾರಿನ ಗೇಟು ದಾಟಿದವಳಲ್ಲ.
ನಾನು ಬರೆದದ್ದೆಲ್ಲ ಕಾವೂರಿನ ನಮ್ಮ ತಾರಸಿಯ ಮೇಲೇ ಹಾರುತ್ತದೆ,
ಒಣಗಲು ಹಾಕಿದ ಸೀರೆ ಒಮ್ಮೆ ನಡುಗಿ ಸುಮ್ಮನಾಗುತ್ತದೆ.
ನನಗೆ ವಿಮಾನ ಅಂದರೆ ಅಷ್ಟು.

ಡಿಸೆಂಬರಿನಲ್ಲಿ ಒಮ್ಮೆ ಇಲ್ಲಿಂದಲೇ ವಿಡಿಯೋ ಕಾಲ್ ಮಾಡಿದ.
ಐದೂ ಕಾಲು. ನಮ್ಮ ಗಾಜಿನ ಬಾಗಿಲಲ್ಲಿ
ಬಿಸಿಲು ಇನ್ನೂ ಬೂತಾಯಿಯ ಬೆನ್ನಿನ ಹಾಗೆ.
ಪರದೆಯಲ್ಲಿ ಕತ್ತಲು,
ಕತ್ತಲೊಳಗೆ ಒಂದು ಬಲ್ಬು, ಬಲ್ಬಿನ ಕೆಳಗೆ ಒಂದು ಹೆಂಗಸು,
ಬಾಗಿಲು ಹಾಕಿ ಅನ್ನ ಬಡಿಸುತ್ತಿದ್ದಳು.
"ಅಲ್ಲಿ ಎಷ್ಟು ಗಂಟೆ?" ಅಂದೆ.
"ಐದೂ ಕಾಲು," ಅಂದ.

ದೇಶಕ್ಕೆಲ್ಲ ಒಂದೇ ಗಡಿಯಾರ.
ಸೂರ್ಯನಿಗೆ ಯಾರೂ ಹೇಳಿಲ್ಲ.

ನಿನ್ನೆ ಶನಿವಾರವಲ್ಲ. ಆದರೂ ಬಂದ.
ಐನೂರರ ನೋಟುಗಳು, ಒಂದಕ್ಕೊಂದು ಅಂಟಿಕೊಂಡು,
ಒದ್ದೆ ವಾಸನೆ.
ಹೋಗಲಿಕ್ಕಲ್ಲ ಅಂದ. ಬರಲಿಕ್ಕೆ.
ಜೂರಿ ಮೊರಾನ್, ಹೆಣ್ಣು, ಇಪ್ಪತ್ತಾರು,
ಆಧಾರದಲ್ಲಿ ಇದ್ದ ಹಾಗೆ ಅಕ್ಷರ ಅಕ್ಷರ ಒತ್ತಿದೆ.
ಜೂರಿ ಅಂದರೆ ತೊರೆಯಂತೆ.
ಕೇಳದೆ ಅವನೇ ಹೇಳಿದ್ದು.

ಕಳಲೆ ಉಪ್ಪಿನಕಾಯಿ ಕೈಚೀಲದಲ್ಲಿ ತರಬಹುದಾ?
ಎಣ್ಣೆ ಇದ್ದರೆ ಬಿಡುವುದಿಲ್ಲ, ಕೆಳಗಿನ ಲಗೇಜಿಗೆ ಹಾಕಲಿ.
ನಮ್ಮಲ್ಲೂ ಕಣಿಲೆ ಉಂಟು, ಮಳೆಗಾಲಕ್ಕೆ, ಅಂದೆ.
ನಂಬಲಿಲ್ಲ.

ಬರುವಾಗ ಎದುರುಗಾಳಿ. ಅದೇ ಗೆರೆ,
ಆದರೆ ಇಪ್ಪತ್ತು ನಿಮಿಷ ಹೆಚ್ಚು ಅಂತ ಹೇಳಿದೆ.
ಅವನು ತಲೆಯಾಡಿಸಿದ, ಐಸ್ ಬ್ಲಾಕ್ ಎಳೆಯುವವನಿಗೆ
ಇದು ಗೊತ್ತಿಲ್ಲದ ಸಂಗತಿಯೇನಲ್ಲ ಎಂಬಂತೆ.
ಬಜ್ಪೆಗೆ ಮುಟ್ಟುವುದು ಐದೂವರೆಗೆ.
"ಆಗ ಬೆಳಕಿರುತ್ತದಾ ಅಕ್ಕಾ?"
ಇರುತ್ತದೆ. ಆರು ದಾಟುವವರೆಗೂ.
ಆ ಹೊತ್ತಿಗೆ ಅವಳ ಊರಲ್ಲಿ ಬಾಗಿಲು ಹಾಕಿಯಾಗಿರುತ್ತದೆ.

ಟಿಕೆಟನ್ನು ಮಡಚಿ, ಪ್ಲಾಸ್ಟಿಕ್ಕಿನಲ್ಲಿಟ್ಟು,
ಪ್ಲಾಸ್ಟಿಕ್ಕನ್ನು ಇನ್ನೊಂದು ಪ್ಲಾಸ್ಟಿಕ್ಕಿನಲ್ಲಿಟ್ಟು
ಚಪ್ಪಲಿ ಹಾಕಿ ಹೋದ.

ಬಾಕಿ ನಲವತ್ತು ರೂಪಾಯಿ ಮೇಜಿನ ಮೇಲೆಯೇ ಉಂಟು.
ಶನಿವಾರ ಬರುತ್ತಾನಲ್ಲ, ಆಗ ಕೊಟ್ಟರಾಯಿತು.

ಬರುತ್ತಾನಾ?
ಇನ್ನು ಎಂತ ಕೇಳಲಿಕ್ಕುಂಟು ಅವನಿಗೆ.