ಜರಡಿಗೆ ಸಿಗದದ್ದು

ಇಪ್ಪತ್ತೆರಡು ವರ್ಷ ಈ ಮರಳಲ್ಲೇ ದುಡಿದೆ, ವಜ್ರದ ಕಂಪನಿಗೆ.
ಸಂಜೆ ಗೇಟಿನಲ್ಲಿ ಉಗುರು ನೋಡುತ್ತಿದ್ದರು, ಕಿವಿ ನೋಡುತ್ತಿದ್ದರು,
ಬೂಟು ಬಿಚ್ಚಿಸಿ ತಲೆಕೆಳಗಾಗಿ ಕೊಡವುತ್ತಿದ್ದರು.
ಒಂದು ಕಾಳು ಮರಳು ಮನೆ ಸೇರಬಾರದು.

ಈಗ ಗೇಟಿದೆ, ಕಾವಲಿಲ್ಲ.
ಗಾಳಿಗೆ ತುಕ್ಕಿನ ಕೊಂಡಿ ಯಾರದು ಎನ್ನುತ್ತದೆ.
ನಾನು, ಡ್ರೀಕಾ ಸಾಲ್. ಮರಳು ಒಯ್ಯಲು ಬಂದವಳು.
ಹೌದು, ಸಂಬಳ ಅದಕ್ಕೇ.

ಮಂಜು ಕಡಲಿಗೆ ಮರಳುವ ಮೊದಲೇ ದಿಣ್ಣೆ ಹತ್ತಬೇಕು,
ಬಿಸಿಲೇರಿದರೆ ಗಾಳಿ ಎಲ್ಲ ಒರೆಸಿಬಿಡುತ್ತದೆ.
ಹುಡುಕುವುದು ಒಂದು ಉಬ್ಬುಗೆರೆ,
ಕಂಬಳಿಯಡಿ ಕೂಸು ತೆವಳಿದ ಹಾಗೆ.
ಮೊಣಕಾಲೂರಿ ಒಂದು ಚಮಚ ಸೀಸೆಗೆ,
ಸೀಸೆಯ ಮೇಲೆ ತಾರೀಖು, ದಿಣ್ಣೆಯ ನಂಬರು.
ಅದು ಉದುರಿಸಿಹೋದ ಕೂದಲೋ ಉಚ್ಚೆಯೋ
ಸಾಸಿವೆಯಷ್ಟಿದ್ದರೂ ಸಾಕಂತೆ,
ಕೇಪ್‌ಟೌನಿನ ಮಷೀನು ಹೆಸರು ಹೇಳುತ್ತದೆ.

ಹೊನ್ನಿನ ಮೋಲ್ ಅನ್ನುತ್ತಾರೆ. ಮುಷ್ಟಿಯಲ್ಲಿ ಅಡಗುವಷ್ಟು.
ಕಣ್ಣಿರಬೇಕಾದಲ್ಲಿ ತೊಗಲು, ತೊಗಲಿನ ಮೇಲೆ ಕೂದಲು.
ನಡೆಯುವುದಿಲ್ಲ, ಮರಳಲ್ಲಿ ಈಜುತ್ತದೆ.
ಮೈಗೆ ನೀರಿನ ಮೇಲೆ ಎಣ್ಣೆ ಹರಡಿದಂಥ ಮಿರುಗು,
ಅದು ಅದಕ್ಕೆ ಕಾಣದು, ಅದರ ಜೊತೆಗಾರನಿಗೂ ಕಾಣದು.
ಕತ್ತಲಲ್ಲಿ ಯಾರಿಗಾಗಿ ಈ ಸಿಂಗಾರ?

ಪಕ್ಕದ ಮನೆಯ ಆಪಿ ಕೇಳುತ್ತಾನೆ,
ಹೊಸ ಕಂಪನಿಯ ಟ್ರಕ್ಕು ಇಳಿದರೆ ಇಪ್ಪತ್ತು ಮನೆಯ ಒಲೆ ಉರಿಯುತ್ತೆ,
ನಿನ್ನ ಇಲಿ ಎಷ್ಟು ಜನಕ್ಕೆ ಕೆಲಸ ಕೊಡುತ್ತೆ ಡ್ರೀಕಾ?
ಇಲಿಯಲ್ಲ, ಎನ್ನುತ್ತೇನೆ. ಬೇರೆ ಉತ್ತರ ನನ್ನಲ್ಲಿಲ್ಲ.
ನಾಲ್ಕು ವರ್ಷದಿಂದ ಅವನ ಮಗ ಹೊಸ್ತಿಲಲ್ಲಿ ಕೂತಿದ್ದಾನೆ.
ಬಲೆಗೆ ಮೀನು ಬಿದ್ದ ದಿನ ಆಪಿ ನನಗೂ ಎರಡು ಕೊಡುತ್ತಾನೆ.

ಸೋಮವಾರ ಕಾಗದ ಬಂತು.
ಹದಿನೇಳು ಸೀಸೆಯಲ್ಲಿ ಒಂದರಲ್ಲಿ ಇದೆ.
ಒಂಬತ್ತನೆಯದು.
ಹಳೆಯ ಜರಡಿಮನೆಯ ಹಿಂದಿನ ದಿಣ್ಣೆ,
ಹನ್ನೊಂದು ವರ್ಷ ನಾನು ನಿಂತು ಸೋಸಿದ ಜಾಗ.
ನಮ್ಮ ಬೂಟುಗಳ ಕೆಳಗೇ ಈಜುತ್ತಿತ್ತೇನೋ,
ಗೇಟಿನ ಎಕ್ಸ್-ರೇಗೂ ಸಿಗದೆ.

ಇನ್ನು ಟ್ರಕ್ಕು ಆ ದಿಣ್ಣೆ ಬಿಟ್ಟು ಸುತ್ತಿ ಹೋಗಬೇಕು,
ಅಥವಾ ಬರಲೇಬಾರದು. ತೀರ್ಮಾನ ಆಗಿಲ್ಲ.
ಆಪಿಗೆ ಇನ್ನೂ ಹೇಳಿಲ್ಲ.

ನಾನದನ್ನು ಕಂಡಿಲ್ಲ, ಅದು ನನ್ನನ್ನು ಕಾಣುವ ಮಾತೇ ಇಲ್ಲ.
ಆದರೆ ನೆಲ ಅದುರಿದರೆ ಅದಕ್ಕೆ ತಿಳಿಯುತ್ತದಂತೆ,
ಬಂದದ್ದು ಯಾರು, ಎಷ್ಟು ಭಾರ.

ಒಂಬತ್ತನೆಯ ದಿಣ್ಣೆಯ ಬುಡದಲ್ಲಿ
ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳುತ್ತೇನೆ,
ಯಾರೂ ಹೇಳದೆ.